ಮದುವೆ ಡಿ.ಜೆ.ಯ ಮೊದಲ ಬಂಡವಾಳ: ಮಾರುವವರಿಗೂ ಹೊಣೆಯಿದೆ

ಮದುವೆ ಮನೆಗೆ ಧ್ವನಿವರ್ಧಕ ಒದಗಿಸುವುದು ಕರ್ನಾಟಕದ ಊರುಗಳಲ್ಲಿ ಹೊಸ ಕಸುಬಲ್ಲ. ಒಂದು ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ಮೈಕು, ಒಂದು ಪೆಟ್ಟಿಗೆ ತುಂಬ ಗ್ರಾಮಾಫೋನ್ ತಟ್ಟೆಗಳು. ಇಷ್ಟೇ ಸಾಮಗ್ರಿಯಿಂದ 'ಮೈಕ್ ಸೆಟ್ಟಿನವರು' ಒಂದು ತಲೆಮಾರಿನ ಕಾಲ ಸಂಸಾರ ಸಾಗಿಸಿದರು. ತಟ್ಟೆ ಹೋಗಿ ಕ್ಯಾಸೆಟ್ಟು ಬಂತು, ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಈಗ ಎಲ್ಲವೂ ಲ್ಯಾಪ್‌ಟಾಪಿನೊಳಗೆ ಅಡಗಿದೆ. ಆರತಕ್ಷತೆಯೊಂದಿಗೆ ಅರಿಶಿನ ಶಾಸ್ತ್ರ, ಮೆಹೆಂದಿ, ಸಂಗೀತ್ ಕಾರ್ಯಕ್ರಮಗಳೂ ಸೇರಿಕೊಂಡು ಡಿ.ಜೆ.ಗೆ ಸಣ್ಣ ಊರುಗಳಲ್ಲಿಯೂ ಬೇಡಿಕೆ ಉಂಟಾಗಿದೆ. ಇದನ್ನು ಕಂಡ ತರುಣರು ಸ್ವಂತ ಉದ್ದಿಮೆ ಆರಂಭಿಸಬೇಕೆಂಬ ಹುಮ್ಮಸ್ಸಿನಿಂದ ಧ್ವನಿ ಸಾಮಗ್ರಿಯ ಅಂಗಡಿಗಳಿಗೆ ಬರುತ್ತಿದ್ದಾರೆ.

ಅವರ ಕೈಯಲ್ಲಿರುವ ಒಂದೂವರೆ, ಎರಡು ಲಕ್ಷ ರೂಪಾಯಿ ಬಹುತೇಕ ಉಳಿತಾಯದ ಹಣವಲ್ಲ. ಅದು ಮನೆಯ ಒಡವೆ ಅಡವಿಟ್ಟು ತಂದದ್ದೋ, ಸ್ವಸಹಾಯ ಸಂಘದ ಸಾಲವೋ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ಬ್ಯಾಂಕು ಕೊಟ್ಟ ಸಾಲವೋ ಆಗಿರುತ್ತದೆ. ಇಂತಹ ಹಣದಿಂದ ಮಾಡುವ ಮೊದಲ ಖರೀದಿ ತಪ್ಪಿದರೆ ಎರಡನೆಯ ಖರೀದಿಗೆ ಅವಕಾಶವೇ ಇರುವುದಿಲ್ಲ. ಆದುದರಿಂದ ಹೊಸಬರ ಮೊದಲ ಖರೀದಿ ಚಿಕ್ಕದಾಗಿಯೂ ನೆಚ್ಚಬಹುದಾದದ್ದಾಗಿಯೂ ಇರಬೇಕು. ದೊಡ್ಡ ಸಾಮಗ್ರಿಯನ್ನು ಬೇಕಾದ ದಿನ ಬಾಡಿಗೆಗೆ ತರಬೇಕು. ಈ ಮಾತನ್ನು ಅವರಿಗೆ ಮೊದಲು ಹೇಳಬೇಕಾದವರು ಮಾರುವ ವರ್ತಕರೇ.

ವಾಟಿನ ಲೆಕ್ಕದ ಮರುಳು

ಅಂಗಡಿಗೆ ಬಂದ ಹೊಸಬನ ಮೊದಲ ಪ್ರಶ್ನೆ 'ಎಷ್ಟು ವಾಟ್?' ಎಂಬುದು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಸಾವಿರಾರು ವಾಟ್‌ಗಳ ಅಂಕಿಯನ್ನು ತೋರಿಸಿದರೆ ವ್ಯಾಪಾರ ಬೇಗನೆ ಮುಗಿಯುತ್ತದೆ ಎಂಬುದು ಮಾರಾಟಗಾರರಿಗೂ ಗೊತ್ತು. ಆದರೆ ಪಿ.ಎಂ.ಪಿ.ಒ. ಎಂದೋ 'ಪೀಕ್' ಎಂದೋ ಬರೆದ ಅಂಕಿಯು ಕ್ಷಣಮಾತ್ರದ ಶಕ್ತಿಯನ್ನು ಸೂಚಿಸುವಂಥದು. ಗಂಟೆಗಟ್ಟಲೆ ದುಡಿಯುವ ಶಕ್ತಿಯನ್ನು ತಿಳಿಸುವುದು ಆರ್.ಎಂ.ಎಸ್. ಅಥವಾ ನಿರಂತರ ವಾಟ್ ಎಂಬ ಅಂಕಿ. ಇವೆರಡರ ನಡುವಣ ಅಂತರ ಹಲವು ಪಟ್ಟು ಇರುವುದುಂಟು.

ವಾಟ್ ಎರಡರಷ್ಟಾದರೆ ಧ್ವನಿಯೂ ಎರಡರಷ್ಟಾಗುತ್ತದೆ ಎಂಬ ನಂಬಿಕೆಯೂ ತಪ್ಪು. ಶಕ್ತಿ ಇಮ್ಮಡಿಯಾದರೆ ಧ್ವನಿಯ ಮಟ್ಟ ಹೆಚ್ಚುವುದು ಕೇವಲ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಎನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು. ವಾಟಿನಷ್ಟೇ ಮುಖ್ಯವಾದದ್ದು ಸ್ಪೀಕರಿನ ಸಂವೇದನೆ, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಕೇಳಿಬರುವ ಮಟ್ಟ. ಈ ಅಂಕಿ 94 ಡೆಸಿಬಲ್ ಇರುವ ಸ್ಪೀಕರಿಗೆ 500 ವಾಟ್ ಕೊಟ್ಟರೆ ಬರುವ ಧ್ವನಿ, 97 ಡೆಸಿಬಲ್ ಇರುವ ಸ್ಪೀಕರಿಗೆ 250 ವಾಟ್ ಕೊಟ್ಟರೆ ಬರುತ್ತದೆ. 97 ಡೆಸಿಬಲ್ ಸಂವೇದನೆಯ ಸ್ಪೀಕರಿಗೆ 250 ವಾಟ್ ದೊರೆತರೆ ಒಂದು ಮೀಟರಿನಲ್ಲಿ ಲೆಕ್ಕಕ್ಕೆ 121 ಡೆಸಿಬಲ್ ಆಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಕಳೆದರೂ 16 ಮೀಟರ್ ದೂರದಲ್ಲಿ 97 ಡೆಸಿಬಲ್ ಉಳಿಯುತ್ತದೆ. ಇನ್ನೂರು, ಮುನ್ನೂರು ಜನ ಸೇರುವ ಕಲ್ಯಾಣ ಮಂಟಪಕ್ಕೆ ಇಂತಹ ಎರಡು ಪೆಟ್ಟಿಗೆಗಳು ಸಾಲುತ್ತವೆ.

ಒಂದೂವರೆ ಲಕ್ಷದ ಹಂಚಿಕೆ

ಲ್ಯಾಪ್‌ಟಾಪ್ ಈಗಾಗಲೇ ಇದೆ, ಕೈಯಲ್ಲಿ ತೆರಿಗೆ ಸೇರಿ 1,50,000 ರೂ. ಇದೆ ಎಂದಿಟ್ಟುಕೊಂಡರೆ ಅದನ್ನು ಹೀಗೆ ಹಂಚುವುದು ಲೇಸು: ಆಂಪ್ಲಿಫೈಯರ್ ಒಳಗೊಂಡ 12 ಅಂಗುಲದ ಎರಡು ಸ್ಪೀಕರ್‌ಗಳಿಗೆ 70,000 ರೂ.; ಚಿಕ್ಕ ಮಿಕ್ಸರ್ ಮತ್ತು ಡಿ.ಜೆ. ಕಂಟ್ರೋಲರಿಗೆ 30,000 ರೂ.; ಒಂದು ಕಾರ್ಡ್‌ಲೆಸ್ ಮೈಕ್ ಹಾಗೂ ಎರಡು ವೈರ್ ಮೈಕ್‌ಗಳಿಗೆ 14,000 ರೂ.; ಸ್ಟ್ಯಾಂಡ್, ಕೇಬಲ್, ಪಿನ್ನು, ಹೊದಿಕೆಗಳಿಗೆ 14,000 ರೂ.; ಸ್ಟೆಬಿಲೈಜರ್ ಮತ್ತು ಗಟ್ಟಿಯಾದ ಎಕ್ಸ್‌ಟೆನ್ಷನ್ ಬೋರ್ಡುಗಳಿಗೆ 7,000 ರೂ.; ಉಳಿದ 15,000 ರೂ. ದುರಸ್ತಿಗೂ ಬಾಡಿಗೆಗೂ ಮೀಸಲು.

ಆಂಪ್ಲಿಫೈಯರ್ ಒಳಗೊಂಡ ಸ್ಪೀಕರನ್ನೇ ಮೊದಲು ಕೊಳ್ಳಬೇಕೆನ್ನಲು ಕಾರಣವಿದೆ. ಪ್ರತ್ಯೇಕ ಆಂಪ್ಲಿಫೈಯರಿನ ಶಕ್ತಿಗೂ ಸ್ಪೀಕರಿನ ತಾಳಿಕೆಗೂ ಹೊಂದಾಣಿಕೆ ಮಾಡಲು ಅನುಭವ ಬೇಕು. ಚಿಕ್ಕ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿದಾಗ ಧ್ವನಿ ಒಡೆಯುತ್ತದೆ. ಆ ಒಡೆದ ಧ್ವನಿಯ ಕಾವಿಗೆ ಟ್ವೀಟರಿನ ಕಾಯಿಲ್ ಸುಡುತ್ತದೆ. ಹೊಸಬರು ಕಳೆದುಕೊಳ್ಳುವ ಸಾಮಗ್ರಿಯಲ್ಲಿ ಇದೇ ಮೊದಲಿನದು. ಉತ್ತಮ ಆಕ್ಟಿವ್ ಸ್ಪೀಕರುಗಳಲ್ಲಿ ಈ ಅತಿರೇಕವನ್ನು ತಡೆಯುವ ಲಿಮಿಟರ್ ಒಳಗೇ ಇರುತ್ತದೆ.

ಕೇಬಲ್ಲಿಗೂ ಬೋರ್ಡಿಗೂ ಇಪ್ಪತ್ತೊಂದು ಸಾವಿರವೇ ಎಂದು ಹುಬ್ಬೇರಿಸುವವರು ಮಂಟಪದ ವಿದ್ಯುತ್ ವ್ಯವಸ್ಥೆಯನ್ನೊಮ್ಮೆ ನೋಡಬೇಕು. ಅಲಂಕಾರದ ದೀಪಗಳು, ಅಡುಗೆ ಮನೆಯ ಗ್ರೈಂಡರು, ವೇದಿಕೆಯ ಫ್ಯಾನುಗಳು ಒಂದೇ ಲೈನಿನ ಮೇಲೆ ಇರುವುದುಂಟು. 230 ವೋಲ್ಟ್ ಇರಬೇಕಾದ ಕಡೆ ಏರುಪೇರಾಗುತ್ತದೆ. ಜನರೇಟರಿಗೆ ಬದಲಾಯಿಸಿದ ಕ್ಷಣದಲ್ಲಿ ಜಗ್ಗುತ್ತದೆ. ಅರ್ಥಿಂಗ್ ಸರಿಯಿಲ್ಲದೆ ಹಮ್ ಕೇಳಿಸುತ್ತದೆ. ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವ ಭಯವೂ ಇದೆ. ಎಷ್ಟೋ ಕಾರ್ಯಕ್ರಮಗಳು ನಿಂತುಹೋಗುವುದು ದೊಡ್ಡ ಯಂತ್ರ ಕೆಟ್ಟು ಅಲ್ಲ. ಸಡಿಲವಾದ ಒಂದು ಪಿನ್ನಿನಿಂದ. ಅಂಗಡಿಯ ಕಪಾಟಿನಲ್ಲಿ ಯಾರ ಕಣ್ಣಿಗೂ ಬೀಳದ ಈ ಸಾಮಗ್ರಿಯೇ ಮದುವೆಯ ದಿನ ಮಾನ ಕಾಯುತ್ತದೆ. ಮುಹೂರ್ತ ಯಾರಿಗೂ ಕಾಯುವುದಿಲ್ಲ. ನಿಂತುಹೋದ ಆರತಕ್ಷತೆಯನ್ನು ಮರುದಿನ ಮಾಡಿಕೊಡುವೆನೆಂದರೆ ನಡೆಯುವುದಿಲ್ಲ. ಒಂದು ಮದುವೆಯಲ್ಲಿ ಹೋದ ಹೆಸರು ಆ ಬಳಗದ ಹತ್ತು ಮದುವೆಗಳನ್ನು ಕಳೆಯುತ್ತದೆ.

ಬಳಸಿದ ಸಾಮಗ್ರಿಯನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಐದು ನಿಮಿಷ ಹಾಡು ಕೇಳಿ ಹಣ ಕೊಡಬಾರದು. ಅರ್ಧ ಗಂಟೆಯಾದರೂ ಜೋರಾಗಿ ನುಡಿಸಿ, ಕೋನ್ ಉಜ್ಜುವ ಸದ್ದಿದೆಯೇ, ಮೇಲ್ಸ್ವರ ಕುಗ್ಗಿದೆಯೇ, ಯಂತ್ರ ಅತಿಯಾಗಿ ಕಾಯುತ್ತದೆಯೇ ಎಂದು ಪರೀಕ್ಷಿಸಿಯೇ ಕೊಳ್ಳತಕ್ಕದ್ದು. ಮೊದಲ ಮಾಲೀಕರ ಬಿಲ್ಲನ್ನೂ ಕೇಳಿ ಪಡೆಯುವುದು ಕ್ಷೇಮ.

ಆದಾಯಕ್ಕೆ ಮುಹೂರ್ತವಿದೆ, ಕಂತಿಗೆ ಇಲ್ಲ

ಈ ಉದ್ದಿಮೆಯ ಆದಾಯವು ಪಂಚಾಂಗವನ್ನು ಅವಲಂಬಿಸಿದೆ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಅಧಿಕ ಮಾಸ ಬಂದ ವರ್ಷ ಇನ್ನೊಂದು ತಿಂಗಳು ಖಾಲಿ; 2023ರಲ್ಲಿ ಶ್ರಾವಣವು, 2026ರಲ್ಲಿ ಜ್ಯೇಷ್ಠವು ಅಧಿಕವಾಗಿರುವುದು ಇದಕ್ಕೆ ನಿದರ್ಶನ. ಮದುವೆಗಳ ಭರಾಟೆಯ ಕಾಲದಲ್ಲಿಯೇ ಜ್ಯೇಷ್ಠ ಅಧಿಕವಾದರೆ ಧ್ವನಿ ಉದ್ದಿಮೆಗೆ ಬೀಳುವ ಪೆಟ್ಟು ಸಣ್ಣದಲ್ಲ. ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಬಿಡುವಿನ ತಿಂಗಳುಗಳ ಕಂತನ್ನು ಸುಗ್ಗಿಯ ತಿಂಗಳುಗಳಲ್ಲಿಯೇ ತೆಗೆದಿಡದವರು ಆಷಾಢದಲ್ಲಿ ಸ್ಪೀಕರನ್ನು ಅರ್ಧ ಬೆಲೆಗೆ ಮಾರಬೇಕಾಗುತ್ತದೆ. ಎಲ್ಲ ಸಮುದಾಯಗಳ ಸಮಾರಂಭಗಳನ್ನೂ, ಶಾಲಾ ವಾರ್ಷಿಕೋತ್ಸವ, ಸಂಘ ಸಂಸ್ಥೆಗಳ ಸಭೆಗಳನ್ನೂ ಒಪ್ಪಿಕೊಳ್ಳುವವರಿಗೆ ಈ ಏರಿಳಿತ ಸ್ವಲ್ಪ ಹಗುರವಾಗುತ್ತದೆ. ಅಂತಹ ಸಭೆಗಳಿಗೆ ಬೇಕಾದದ್ದು ಸ್ಪಷ್ಟವಾದ ಮೈಕೇ ಹೊರತು ಎದೆ ನಡುಗಿಸುವ ಬೇಸ್ ಅಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಕುಣಿಯುವವರಿಗೆ ಬೇಸ್ ಬೇಕೇ ಬೇಕು, ಎದುರು ಅಂಗಡಿಯವನು ಆಳೆತ್ತರದ ಪೆಟ್ಟಿಗೆಗಳನ್ನು ನಿಲ್ಲಿಸುವಾಗ ಎರಡು ಚಿಕ್ಕ ಪೆಟ್ಟಿಗೆ ಹಿಡಿದು ಹೋದರೆ ಆರ್ಡರ್ ಯಾರು ಕೊಡುತ್ತಾರೆ ಎಂಬುದು. ಆಕ್ಷೇಪದಲ್ಲಿ ನಿಜಾಂಶವಿದೆ. 12 ಅಂಗುಲದ ಪೆಟ್ಟಿಗೆಯಷ್ಟರಿಂದಲೇ ಬಯಲಿನ ಕುಣಿತಕ್ಕೆ ಮಂದ್ರ ಸ್ವರ ತುಂಬದು. ಅಂತಹ ಆರ್ಡರ್ ಬಂದ ದಿನ ಬೇಸ್ ಪೆಟ್ಟಿಗೆಯನ್ನು ಹಳೆಯ ಸೌಂಡ್ ಸರ್ವಿಸಿನವರಿಂದ ಬಾಡಿಗೆಗೆ ತಂದು, ಆ ಬಾಡಿಗೆಯನ್ನು ಗಿರಾಕಿಯ ದರದಲ್ಲಿಯೇ ಸೇರಿಸುವುದು ಸರಿಯಾದ ದಾರಿ. ಹೀಗೆ ಕೊಟ್ಟ ಬಾಡಿಗೆಯನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವರ್ಷದ ಬಾಡಿಗೆ ಹೊಸ ಪೆಟ್ಟಿಗೆಯ ಬೆಲೆಯ ಮೂರನೆಯ ಒಂದು ಭಾಗವನ್ನು ಮುಟ್ಟಿದರೆ ಅದನ್ನು ಕೊಳ್ಳುವ ಕಾಲ ಬಂದಿದೆಯೆಂದು ತಿಳಿಯಬಹುದು. ಅಲ್ಲಿಯವರೆಗೆ ಗೋದಾಮಿನಲ್ಲಿ ಕುಳಿತ ಪೆಟ್ಟಿಗೆ ಸವಕಳಿಯನ್ನಲ್ಲದೆ ಬೇರೇನನ್ನೂ ದುಡಿಯದು.

ಕಾನೂನಿನ ಮಿತಿ

ದೊಡ್ಡ ಶಬ್ದಕ್ಕೆ ಬಂಡವಾಳ ಹೂಡುವವರು ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ಇವನ್ನು ಮರೆಯುವಂತಿಲ್ಲ. ವಸತಿ ಪ್ರದೇಶದ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಮುಚ್ಚಿದ ಸಭಾಂಗಣದ ಒಳಗಲ್ಲದೆ ಬೇರೆಡೆ ಧ್ವನಿವರ್ಧಕ ಬಳಸುವಂತಿಲ್ಲ. ಖಾಸಗಿ ಸ್ಥಳದಲ್ಲಿ ನುಡಿಸಿದರೂ ಅದರ ಎಲ್ಲೆಯ ಬಳಿ ಆ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಮೀರಬಾರದು. ಮಿತಿ ಮೀರಿದ ಧ್ವನಿವರ್ಧಕ, ಆಂಪ್ಲಿಫೈಯರ್‌ಗಳನ್ನು ವಶಪಡಿಸಿಕೊಳ್ಳಲು ರಾಜ್ಯಗಳು ಅವಕಾಶ ಕಲ್ಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ ತೀರ್ಪಿನಲ್ಲಿ ಆದೇಶಿಸಿದೆ. ಸಾಲದಲ್ಲಿ ಕೊಂಡ ಸಾಮಗ್ರಿ ಠಾಣೆಯಲ್ಲಿ ಕುಳಿತರೆ ಕಂತು ಕಟ್ಟುವವರಾರು? ಪೂರ್ತಿ ತಿರುಗಿಸಲು ಅವಕಾಶವೇ ಇಲ್ಲದ ಶಕ್ತಿಗೆ ಸಾಲ ಮಾಡುವುದು ವಿವೇಕವಲ್ಲ.

ವರ್ತಕರೂ ತಯಾರಕರೂ ಮಾಡಬೇಕಾದುದು

ಬಿಲ್ಲಿಲ್ಲದೆ ಕೊಟ್ಟರೆ ಶೇ. 18ರಷ್ಟು ಉಳಿಯುತ್ತದೆಯೆಂದು ಹೊಸಬರು ಕೇಳುವುದು ಸಹಜ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಸೇವಾದಾರರಿಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ; ನೋಂದಣಿಯಿಲ್ಲದ ಕಾರಣ ಕಟ್ಟಿದ ತೆರಿಗೆಯನ್ನು ಅವರು ಮರಳಿ ಪಡೆಯಲಾರರು. ಆದ್ದರಿಂದ ತೆರಿಗೆಯು ಅವರ ಪಾಲಿಗೆ ಪೂರ್ತಿ ಖರ್ಚೇ ಹೌದು. ಆದರೆ ಬಿಲ್ಲಿಲ್ಲದ ಸಾಮಗ್ರಿಗೆ ವಾರಂಟಿಯಿಲ್ಲ, ವಿಮೆಯ ಹಕ್ಕು ಸಾಧಿಸುವುದು ಕಷ್ಟ, ಬ್ಯಾಂಕಿಗೆ ತೋರಿಸಲು ದಾಖಲೆಯಿಲ್ಲ, ಮುಂದೆ ಮಾರುವಾಗ ಬೆಲೆಯೂ ಇಲ್ಲ. ಈ ಮಾತನ್ನು ಬಿಡಿಸಿ ಹೇಳುವ ವರ್ತಕರು ಗಿರಾಕಿಯ ಹಿತದೊಂದಿಗೆ ತಮ್ಮ ಹಿತವನ್ನೂ ಕಾಯ್ದುಕೊಳ್ಳುತ್ತಾರೆ.

ಧ್ವನಿ ಸಾಮಗ್ರಿಯ ವರ್ತಕರು ಮೂರು ಕ್ರಮಗಳನ್ನು ರೂಢಿಗೆ ತರಬೇಕು. ದರಪಟ್ಟಿಯಲ್ಲಿ ಪ್ರತಿ ಸ್ಪೀಕರಿನ ನಿರಂತರ ವಾಟ್ ಮತ್ತು ಸಂವೇದನೆಯನ್ನು ಕನ್ನಡದಲ್ಲಿ ಬರೆಯುವುದು ಮೊದಲನೆಯದು. ಬಿಡಿಭಾಗವೂ ದುರಸ್ತಿಯೂ ಜಿಲ್ಲಾ ಕೇಂದ್ರದಲ್ಲಿ ದೊರೆಯುವ ಸಾಮಗ್ರಿಯನ್ನೇ ಹೊಸಬರಿಗೆ ಮುಂದಿಡುವುದು ಎರಡನೆಯದು. ಮದುವೆಯ ಸುಗ್ಗಿಯಲ್ಲಿ ಮೂರು ವಾರ ಕಾಯಿಸುವ ಹೆಸರಾಂತ ಕಂಪನಿಯ ಯಂತ್ರಕ್ಕಿಂತ ಎರಡು ದಿನದಲ್ಲಿ ಸರಿಯಾಗುವ ಸಾಮಾನ್ಯ ಯಂತ್ರ ಮೇಲು. ದೊಡ್ಡ ಬೇಸ್ ಪೆಟ್ಟಿಗೆಗಳನ್ನು ಅಂಗಡಿಯಲ್ಲಿಯೇ ಬಾಡಿಗೆಗೆ ಇಡುವುದು ಮೂರನೆಯದು. ಬಾಡಿಗೆಗೆ ಬಂದವರೇ ನಾಳೆ ಕೊಳ್ಳಲು ಬರುವವರು.

ಸಣ್ಣ ತಯಾರಕರಿಗೂ ಇಲ್ಲಿ ಕೆಲಸವಿದೆ. ಸ್ಟ್ಯಾಂಡು, ಸಾಗಣೆ ಪೆಟ್ಟಿಗೆ, ಹೊದಿಕೆ, ಅಳತೆಗೆ ತಕ್ಕಂತೆ ಜೋಡಿಸಿದ ಕೇಬಲ್ಲು, ಸುರಕ್ಷಿತ ವಿದ್ಯುತ್ ಬೋರ್ಡು, ಇವೆಲ್ಲವನ್ನೂ ಸ್ಥಳೀಯ ಕಾರ್ಖಾನೆಗಳು ಚೆನ್ನಾಗಿ ತಯಾರಿಸಬಲ್ಲವು. ಪ್ಲೈವುಡ್ಡಿನ ಸ್ಪೀಕರ್ ಪೆಟ್ಟಿಗೆ ಮಾಡುವವರು ಮಾತ್ರ ಒಂದು ಎಚ್ಚರ ವಹಿಸಬೇಕು. ಹೆಸರಾಂತ ಪೆಟ್ಟಿಗೆಯ ಹೊರ ಅಳತೆಯನ್ನು ನಕಲು ಮಾಡಿ, ಕೈಗೆ ಸಿಕ್ಕ ಡ್ರೈವರನ್ನು ಕೂರಿಸಿದರೆ ಧ್ವನಿ ಬರುವುದಿಲ್ಲ. ಒಳಗಿನ ಗಾತ್ರವೂ ಗಾಳಿಕಂಡಿಯೂ ಆ ಡ್ರೈವರಿಗೆ ಹೊಂದಬೇಕು. ಹೊಂದಿಸಿ ಮಾಡಿದ ಪೆಟ್ಟಿಗೆಗೆ ತಮ್ಮದೇ ಹೆಸರನ್ನು ಹಚ್ಚಲು ತಯಾರಕರು ಹಿಂಜರಿಯಬೇಕಾಗಿಲ್ಲ.

ಒಂದೇ ದಿನ ಮೂರು ಲಕ್ಷದ ಸಾಮಗ್ರಿ ಮಾರಿ, ಎರಡು ವರ್ಷಗಳಲ್ಲಿ ಗಿರಾಕಿಯೊಬ್ಬನು ಅಂಗಡಿ ಮುಚ್ಚುವುದನ್ನು ನೋಡುವುದು ಒಂದು ಬಗೆಯ ವ್ಯಾಪಾರ. ಒಂದೂವರೆ ಲಕ್ಷದ ಸಾಮಗ್ರಿ ಕೊಟ್ಟು, ಮುಂದಿನ ಹತ್ತು ವರ್ಷ ಅದೇ ಗಿರಾಕಿಗೆ ಮೈಕು, ಬೇಸ್, ದೀಪ, ಎರಡನೆಯ ಸೆಟ್ಟನ್ನು ಮಾರುತ್ತ ಹೋಗುವುದು ಇನ್ನೊಂದು ಬಗೆ. ಹಿಂದಿನ ಮೈಕ್ ಸೆಟ್ಟಿನವರಿಗೆ ಸಾಮಗ್ರಿ ಒದಗಿಸಿದ ಹಳೆಯ ವರ್ತಕರು ಎರಡನೆಯದನ್ನು ಆರಿಸಿಕೊಂಡವರು; ಅವರ ಅಂಗಡಿಗಳು ಇಂದಿಗೂ ನಡೆಯುತ್ತಿರುವುದಕ್ಕೆ ಅದೂ ಒಂದು ಕಾರಣ. ಇಂದಿನ ವರ್ತಕ ಬಾಂಧವರೂ ಆ ದಾರಿಯನ್ನೇ ಹಿಡಿಯುವುದು ಉಭಯತರರಿಗೂ ಶ್ರೇಯಸ್ಕರ.