ಬಣ್ಣ ಹಲಾಲಾದರೆ ಸಾಕೇ?

ಆಹಾರ ಪೊಟ್ಟಣದ ಮೇಲಿನ 120 ಎಂಬ ಸಂಖ್ಯೆಯು ಕಾರ್ಮೈನ್ ಎಂಬ ಕೆಂಪು ಬಣ್ಣದ ಗುರುತು. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನಿಯಲ್ ಕೀಟವನ್ನು ಒಣಗಿಸಿ ಅದನ್ನು ತೆಗೆಯುತ್ತಾರೆ. ಮಿಡತೆಯ ಹೊರತು ಕೀಟಭಕ್ಷಣೆಯನ್ನು ಹನಫೀ ಮತ್ತು ಶಾಫಿಈ ವಿದ್ವಾಂಸರು ಸಮ್ಮತಿಸುವುದಿಲ್ಲ. ಆದ್ದರಿಂದ ಅದನ್ನು ತೊರೆಯುವುದೇ ಲೇಸು. ಆದರೆ 122 ಎಂಬುದು ಕಾರ್ಮೋಯಿಸಿನ್. ಹೆಸರು ಹೋಲುವುದಾದರೂ ಅದು ಕಾರ್ಖಾನೆಯ ಕೃತಕ ಬಣ್ಣ. ಕೀಟದ ಸಂಬಂಧ ಅದಕ್ಕಿಲ್ಲ. ಎರಡನ್ನೂ ಒಂದೆಂದು ಬಗೆದು ಹರಾಮ್ ಎಂದು ಸಾರುವುದು ದೀನಿನ ಸೇವೆಯಲ್ಲ.

ಹಾಗೆಂದು ಕೃತಕ ಬಣ್ಣದ ಬಗ್ಗೆ ನಾವು ನಿಶ್ಚಿಂತರಾಗಿರುವಂತಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರಕಾರವು ಕಬಾಬ್‌ಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 39 ಮಾದರಿಗಳಲ್ಲಿ 8 ಅಸುರಕ್ಷಿತವಾಗಿದ್ದವು. ಪತ್ತೆಯಾದ ಬಣ್ಣಗಳಲ್ಲಿ ಇದೇ ಕಾರ್ಮೋಯಿಸಿನ್ ಕೂಡ ಇತ್ತು. ಕುರ್‌ಆನ್ ನಮ್ಮಿಂದ ಬಯಸುವುದು ಹಲಾಲ್ ಮಾತ್ರವಲ್ಲ, ತಯ್ಯಿಬ್ ಕೂಡ, ಅಂದರೆ ಶುದ್ಧವೂ ಹಿತಕರವೂ ಆದ ಆಹಾರ. ಬಿಸ್ಮಿಲ್ಲಾ ಹೇಳಿ ಕೊಯ್ದ ಕೋಳಿಗೆ ನಿಷಿದ್ಧ ಬಣ್ಣ ಬಳಿದು ಮಾರುವವನು ಈ ಎರಡನೆಯ ಮಾತನ್ನು ಮರೆತಿದ್ದಾನೆ.

ಆಹಾರ ಸಂಶೋಧನೆಗೆ ಹೆಸರಾದ ಸಿ.ಎಫ್.ಟಿ.ಆರ್.ಐ. 1950ರಿಂದ ನಮ್ಮ ಮೈಸೂರಿನಲ್ಲೇ ಇದೆ. ವಸ್ತು ಯಾವುದೆಂಬುದನ್ನು ಬಲ್ಲವರಿಂದ ತಿಳಿದು, ಬಳಿಕ ಅದರ ವಿಧಿಯನ್ನು ಉಲಮಾಗಳಲ್ಲಿ ಕೇಳೋಣ. ಉದಯಗಿರಿ, ಮಂಡಿ ಮೊಹಲ್ಲಾಗಳ ನಮ್ಮ ಅಂಗಡಿಗಳೇ ಬಣ್ಣವಿಲ್ಲದ ಕಬಾಬ್ ಮಾರಿ ಮಾದರಿಯಾಗಲಿ. ಗ್ರಾಹಕರಾದ ನಾವೂ ಅದನ್ನೇ ಕೇಳಿ ಪಡೆಯೋಣ.