ಕನ್ಹೇರಿಗೆ ಸೈಕಲ್ ತುಳಿಯೋಣ

ಮುಂಬೈಯಲ್ಲಿ ಸೈಕಲ್ಲೇ ಎಂದು ಊರಿನವರು ನಗುತ್ತಾರೆ. ದಿನವೂ ಲೋಕಲ್‌ನಲ್ಲಿ ಜೋತಾಡಿ ಆಫೀಸು ಸೇರುವ ಎಂಜಿನಿಯರ್ ನಾನು; ಅವರ ಅನುಮಾನ ನ್ಯಾಯವೇ. ಆದರೂ ಇಲ್ಲಿ ನೆಮ್ಮದಿಯ ಹಾದಿಗಳಿವೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಕನ್ಹೇರಿ ಗುಹೆಗಳವರೆಗೆ ಸುಮಾರು 6 ಕಿ.ಮೀ. ಕಾಡಿನ ರಸ್ತೆ. ಕೊನೆಯ ಏರಿನಲ್ಲಿ ಮಾತ್ರ ಇಳಿದು ತಳ್ಳಬೇಕಾದೀತು.

ಮೇಲೆ ಬಂಡೆ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಅಲ್ಲಿನ 9ನೇ ಶತಮಾನದ ಸಂಸ್ಕೃತ ಶಾಸನಗಳಲ್ಲಿ ನಮಗೆ ಗೊತ್ತಿರುವ ಒಂದು ಹೆಸರಿದೆ: ಅಮೋಘವರ್ಷ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ನೃಪತುಂಗನ ಆಸ್ಥಾನದಲ್ಲಿ. ಮಳಖೇಡದ ಈ ದೊರೆಗೆ ಸಾಮಂತರಾಗಿ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದಾಗ, ಇಲ್ಲಿನ ಭಿಕ್ಷುಗಳಿಗೆ ಸಂದ ದಾನದ ದಾಖಲೆಗಳವು.

ಇದನ್ನು ಹಿಡಿದು ಮುಂಬೈ ನಮ್ಮದೆಂದು ಹಕ್ಕು ಸಾಧಿಸಬೇಕಿಲ್ಲ. ಆದರೆ ಇಲ್ಲೇ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡವೆಂದರೆ ಬೇಸಿಗೆ ರಜೆಯ ಅಜ್ಜಿಮನೆ, ಅಷ್ಟೇ. ಈ ನವೆಂಬರಿನಲ್ಲಿ ಕನ್ನಡ ಸಂಘಗಳು ಒಂದು ಭಾಷಣ ಕಡಿಮೆ ಮಾಡಿ, ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನು ಸೈಕಲ್ ಮೇಲೆ ಅಲ್ಲಿಗೆ ಕರೆದೊಯ್ಯಲಿ. ಗೇಟಿನ ಬಳಿ ಸೈಕಲ್ ಬಾಡಿಗೆಗೂ ಸಿಗುತ್ತದೆ. ನೃಪತುಂಗನ ಕಥೆ ಹೇಳಬಲ್ಲ ಒಬ್ಬರು ಜೊತೆಗಿದ್ದರೆ ಸಾಕು.