ಭೂತಕ್ಕೆ ಸನ್ಮಾನ, ಕಾಡಿನವರಿಗೆ?

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಾವೆಲ್ಲ ಅಜ್ಜಿಯ ಕಥೆಗಳಲ್ಲಿ ಕೇಳಿದ್ದೇವೆ. ಅಮೆಜಾನ್ ಕಾಡಿನಲ್ಲೂ ಅಂಥದೇ ಒಂದು ಭೂತವಿದೆ. ಹೆಸರು ಕುರುಪಿರಾ. ಬೆಂಕಿ ಬಣ್ಣದ ಕೂದಲು, ಹಿಂದಕ್ಕೆ ತಿರುಗಿದ ಪಾದ. ಅದರ ಹೆಜ್ಜೆ ಗುರುತು ಹಿಡಿದು ಹೋದ ಬೇಟೆಗಾರ ದಾರಿ ತಪ್ಪುತ್ತಾನಂತೆ. 2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್ ನಗರದಲ್ಲಿ ನಡೆದ ಹವಾಮಾನ ಶೃಂಗಸಭೆಗೆ (ಕಾಪ್–30) ಇದೇ ಭೂತ ಮ್ಯಾಸ್ಕಾಟ್ ಆಗಿತ್ತು.

ವಿಜ್ಞಾನದ ಅಂಕಿಅಂಶಗಳ ಮೇಲೆ ನಿಂತ ಸಭೆಗೆ ಭೂತ ಯಾಕೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಸಂವಿಧಾನದ 51ಎ(ಎಚ್) ವಿಧಿ ಬಾಯಿಪಾಠ. ಹಾಗಾಗಿ ‘ಇದು ಮೂಢನಂಬಿಕೆ’ ಎಂಬ ಉತ್ತರ ತಟ್ಟನೆ ಬರುತ್ತದೆ. ಆದರೆ ಆ ವಿಧಿಯಲ್ಲಿ ವೈಜ್ಞಾನಿಕ ಮನೋಭಾವದ ಜೊತೆಗೆ ಮಾನವೀಯತೆ, ಜಿಜ್ಞಾಸೆಯೂ ಇವೆ.

ಜಿಜ್ಞಾಸೆಗೆ ಬೆಲೆಮ್‌ನಲ್ಲೇ ಉದಾಹರಣೆ ಇದೆ. ಅಲ್ಲಿನ ಗೋಯೆಲ್ಡಿ ವಸ್ತುಸಂಗ್ರಹಾಲಯದಲ್ಲಿದ್ದ ಪಕ್ಷಿತಜ್ಞ ಡೇವಿಡ್ ಓರೆನ್, ‘ಮಪಿಂಗ್ವಾರಿ’ ಎಂಬ ಇನ್ನೊಂದು ಕಾಡುಭೂತದ ಕಥೆಗಳನ್ನು ಗಂಭೀರವಾಗಿ ತೆಗೆದುಕೊಂಡರು. ಮೈತುಂಬ ಕೂದಲು, ತಡೆಯಲಾಗದ ದುರ್ವಾಸನೆ ಇರುವ ಈ ದೈತ್ಯ, ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ದೈತ್ಯ ಸ್ಲಾತ್‌ನ ನೆನಪಿರಬಹುದು, ಒಂದೆರಡು ಪ್ರಾಣಿ ಇನ್ನೂ ಉಳಿದಿರಲೂಬಹುದು ಎಂದು ಊಹಿಸಿ 1993ರಲ್ಲಿ ಪ್ರಬಂಧ ಪ್ರಕಟಿಸಿದರು. ಹಲವು ಬಾರಿ ಕಾಡು ಸುತ್ತಿದರು. ಪ್ರಾಣಿ ಸಿಗಲಿಲ್ಲ. ಹಾಗಾಗಿ ಅದು ಊಹೆಯಾಗಿಯೇ ಉಳಿಯಿತು. ವಿಜ್ಞಾನ ಕಥೆಯನ್ನು ಕೇಳಿಸಿಕೊಳ್ಳಬೇಕು, ಆದರೆ ಸಾಕ್ಷ್ಯದ ವಿಷಯದಲ್ಲಿ ರಿಯಾಯಿತಿ ಕೊಡಬಾರದು. ‘ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು’ ಎಂದು ಬೀಗುವವರಿಗೂ ಈ ಮಾತು ಅನ್ವಯಿಸುತ್ತದೆ.

ಆದರೆ ‘ಭೂತ ಇದೆಯೇ’ ಎಂಬುದೊಂದೇ ಪ್ರಶ್ನೆಯಲ್ಲ. ‘ಆ ನಂಬಿಕೆ ಏನು ಕೆಲಸ ಮಾಡುತ್ತದೆ’ ಎಂದೂ ಕೇಳಬೇಕು. ಹೊಟ್ಟೆಪಾಡಿಗಿಂತ ಹೆಚ್ಚು ಬೇಟೆಯಾಡಿದವನನ್ನು, ಮರಿಯಿರುವ ತಾಯಿಪ್ರಾಣಿಯನ್ನು ಕೊಂದವನನ್ನು ಕುರುಪಿರಾ ಬಿಡುವುದಿಲ್ಲ ಎನ್ನುತ್ತಾರೆ. ಅಂದರೆ ಇದು ಕಾವಲುಗಾರನಿಲ್ಲದ ಕಾಡಿನ ಕಾನೂನು. ಅದರಿಂದ ಪ್ರಾಣಿಗಳು ಉಳಿದವೇ ಎಂಬುದನ್ನು ಎಣಿಸಿ ನೋಡಬಹುದು. ಮೂಲನಿವಾಸಿಗಳ ಪ್ರದೇಶಗಳಲ್ಲಿ ಅರಣ್ಯನಾಶ ಸುತ್ತಲಿನ ಜಾಗಗಳಿಗಿಂತ ಕಡಿಮೆ ಎಂಬುದನ್ನು ಉಪಗ್ರಹ ಚಿತ್ರಗಳು ತೋರಿಸಿವೆ. ಅದಕ್ಕೆ ಭೂತದ ಭಯವೊಂದೇ ಕಾರಣವಲ್ಲ. ಭೂಮಿಯ ಮೇಲಿನ ಹಕ್ಕು, ಜನರೇ ನಿಂತು ಮಾಡುವ ಕಾವಲು ಕೂಡ ಕಾರಣ.

ಇಲ್ಲಿಯೇ ನನ್ನ ತಕರಾರು. ನವೆಂಬರ್ 14ರಂದು ಮುಂಡುರುಕು ಸಮುದಾಯದವರು ಸಭೆಯ ಮುಖ್ಯ ದ್ವಾರಕ್ಕೆ ಅಡ್ಡ ನಿಂತರು. ತಮ್ಮ ನದಿ, ನೆಲದ ಬಗ್ಗೆ ತೀರ್ಮಾನಿಸುವಾಗ ತಮ್ಮನ್ನೂ ಕೇಳಿ ಎಂಬುದು ಅವರ ಒತ್ತಾಯ. ಕಥೆಗೆ ಒಳಗೆ ಸನ್ಮಾನ, ಕಥೆ ಹೇಳಿದವರು ಬಾಗಿಲಲ್ಲಿ!

ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿಯನ್ನು ದೈವದ ವಾಹನವೆಂದು ನಂಬುವ ಜನರಿವರು. ಗೌರವವೆಂದರೆ ಇದು. ಅವರ ನಂಬಿಕೆಯನ್ನು ನಾವು ಒಪ್ಪಬೇಕಿಲ್ಲ. ಅವರ ಕಾಡಿನ ಬಗ್ಗೆ ಅವರ ಮಾತು ಕೇಳಿದರೆ ಸಾಕು.